ಕ್ಯಾಂಪರ್ ಗೋಡೆಯೊಳಗೆ ಹೊಸ ವೈರ್

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಹಳೆ ಕ್ಯಾಂಪರ್ ಟ್ರೈಲರ್ ಕೊಂಡು ತಾವೇ ರಿಪೇರಿ ಮಾಡಿಕೊಳ್ಳುವವರು ಬಹಳ. ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ ಅದು. ಕೊಂಡ ಮೇಲೆ ಆಸೆ ಶುರುವಾಗುತ್ತದೆ. ಒಲೆ ಮೇಲೊಂದು ದೀಪ ಬೇಕು, ಛಾವಣಿಗೆ ಫ್ಯಾನ್ ಬೇಕು, ಹಾಸಿಗೆ ಪಕ್ಕ ಫೋನ್ ಚಾರ್ಜ್ ಮಾಡಲು ಒಂದು ಪಾಯಿಂಟ್ ಬೇಕು. ವೈರ್ ಮಾತ್ರ ಕಣ್ಣಿಗೆ ಬೀಳಬಾರದು!

ಹಾಗಾದರೆ ಡ್ರಿಲ್ ಕೈಗೆತ್ತಿಕೊಳ್ಳುವ ಮುಂಚೆ ಗೋಡೆ ಕಟ್ಟಿದ ಬಗೆ ತಿಳಿದಿರಬೇಕು. ಮರದ ಚೌಕಟ್ಟಿನ ಹಳೆ ಟ್ರೈಲರ್‌ಗಳನ್ನು ಸಾಮಾನ್ಯವಾಗಿ ಒಳಗಿನಿಂದ ಹೊರಗೆ ಕಟ್ಟುತ್ತಿದ್ದರು. ಮೊದಲು ತೆಳು ಪ್ಲೈವುಡ್ ಮತ್ತು ಮರದ ರೀಪರ್. ಆಮೇಲೆ ಹೊರಗಡೆಯಿಂದ ವೈರ್ ಎಳೆದು, ಅಲ್ಲಲ್ಲಿ ಪಿನ್ ಹೊಡೆದು, ಸಂದಿಗೆ ಫೈಬರ್ ಗ್ಲಾಸ್ ತುಂಬಿ, ಕೊನೆಗೆ ಅಲ್ಯೂಮಿನಿಯಂ ತಗಡು ಮುಚ್ಚುತ್ತಿದ್ದರು. ಹಳೆ ವೈರಿನ ತುದಿಗೆ ಹೊಸದನ್ನು ಕಟ್ಟಿ ಎಳೆದರೆ ಬರುವುದಿಲ್ಲ ಯಾಕೆ ಅಂದರೆ ಇದಕ್ಕೇ. ಪಿನ್‌ಗಳು ಬಿಡುವುದಿಲ್ಲ. ಒಳಗಿನ ಪ್ಲೈವುಡ್ ಕೀಳಲು ಹೋದರೆ ಅದು ಸೀಳುತ್ತದೆ, ಕಪಾಟುಗಳೂ ಅದಕ್ಕೇ ಕೂತಿರುತ್ತವೆ. ಎಷ್ಟೋ ಸಲ ಹೊರಗಿನ ತಗಡಿನ ಸ್ಕ್ರೂ ಬಿಚ್ಚುವುದೇ ಸುಲಭ. ಹಾಗೆ ಬಿಚ್ಚಿದಾಗ ನೀರು ಸೋರಿ ಕೊಳೆತ ಮರ ಸಿಕ್ಕರೆ ಆಶ್ಚರ್ಯಪಡಬೇಡಿ.

ಹೊಸ ಟ್ರೈಲರ್‌ಗಳಲ್ಲಿ ಅನೇಕದರ ಗೋಡೆ ಬೇರೆ ಥರ. ಫೋಮ್ ಹಲಗೆಯ ಎರಡೂ ಕಡೆ ಪದರ ಅಂಟಿಸಿ, ಒತ್ತಿ ಒಂದೇ ತುಂಡು ಮಾಡಿರುತ್ತಾರೆ. ನಡುವೆ ಸಂದಿಯೇ ಇಲ್ಲ. ವೈರ್ ಎಳೆಯಲು ಎಲೆಕ್ಟ್ರಿಷಿಯನ್ನರು ಬಳಸುವ ಸ್ಪ್ರಿಂಗ್ ತೂರಿಸಿದರೆ ಫೋಮಿಗೆ ಚುಚ್ಚಿಕೊಂಡು ನಿಲ್ಲುತ್ತದೆ ಅಷ್ಟೆ. ಅಲ್ಲಿ ಕಪಾಟಿನ ಒಳಮೂಲೆ, ಬೆಂಚಿನ ಅಡಿ, ಛಾವಣಿ ಮತ್ತು ಗೋಡೆ ಸೇರುವಲ್ಲಿನ ಪಟ್ಟಿಯ ಹಿಂಭಾಗ, ಹೀಗೆ ದಾರಿ ಹುಡುಕಬೇಕು. ಅದೂ ಸಿಗದಿದ್ದರೆ ಗೋಡೆ ಮೇಲೇ ಪ್ಲಾಸ್ಟಿಕ್ ಕೇಸಿಂಗ್ ಹೊಡೆಯಿರಿ. ಚೆಂದ ಸ್ವಲ್ಪ ಕಡಿಮೆ, ಆದರೆ ನಾಳೆ ತೆಗೆದು ನೋಡಬಹುದು.

ಈಗ ಬಣ್ಣದ ವಿಷಯ. ಊರಲ್ಲಿ ವೈರಿಂಗ್ ನೋಡಿ ಬೆಳೆದವರು ಇದನ್ನು ಗಮನವಿಟ್ಟು ಕೇಳಿ. ನಮ್ಮಲ್ಲಿ ಕಪ್ಪು ಅಂದರೆ ನ್ಯೂಟ್ರಲ್. ಹೊರಗಿನ ಪ್ಲಗ್‌ನಿಂದ ಟ್ರೈಲರಿಗೆ ಬರುವ ಅಮೆರಿಕದ 120 ವೋಲ್ಟ್ ವೈರಿಂಗಿನಲ್ಲಿ ಕಪ್ಪೇ ಕರೆಂಟ್ ಇರುವ ವೈರ್, ನ್ಯೂಟ್ರಲ್ ಬಿಳಿ. ಟ್ರೈಲರ್ ಒಳಗಿನ 12 ವೋಲ್ಟ್ ಬ್ಯಾಟರಿ ಲೈನಿನಲ್ಲೂ ಬಹಳ ಕಡೆ ಕಪ್ಪು ಪ್ಲಸ್, ಬಿಳಿ ಮೈನಸ್. ಕಾರಿನಲ್ಲಾದರೆ ಕಪ್ಪು ಸಾಮಾನ್ಯವಾಗಿ ಮೈನಸ್. ತಲೆ ಕೆಡುತ್ತದೆ, ಅಲ್ವಾ? ಹಳೆ ಟ್ರೈಲರಿನಲ್ಲಿ ನಿಮಗಿಂತ ಮೊದಲು ಯಾರ್ಯಾರು ಏನೇನು ಜೋಡಿಸಿದ್ದಾರೋ! ಪ್ರತಿ ವೈರಿಗೂ ಮೀಟರ್ ಹಿಡಿದೇ ಮುಂದೆ ಹೋಗಿ. 120 ವೋಲ್ಟ್ ಕಡೆಯ ಕೆಲಸವನ್ನಂತೂ ತಿಳಿದವರಿಗೇ ಬಿಡಿ. ಟ್ರೈಲರ್ ಒಳಗೆ ನ್ಯೂಟ್ರಲ್ ಮತ್ತು ಅರ್ತ್ ಒಂದಕ್ಕೊಂದು ಸೇರಬಾರದು. ಸೇರಿದರೆ ಹೊರಗಿನ ತಗಡಿಗೇ ಕರೆಂಟ್ ಬರುವ ಅಪಾಯ ಇದೆ.

12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಸರಿ. ಆದರೆ ಬೆಂಕಿ ಹಚ್ಚುತ್ತದೆ. 60 ವ್ಯಾಟ್ ಉಪಕರಣ ನಮ್ಮೂರಿನ 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಎಳೆದರೆ, 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ದಪ್ಪ ವೈರ್ ಬೇಕಾಗುವುದು ಅದಕ್ಕೇ. 6 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದು 10 ಆಂಪಿಯರ್ ಹರಿಸಿದರೆ, ಹೋಗಿ ಬರುವ ದಾರಿಯಲ್ಲೇ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ. ದೀಪ ಮಂಕಾಗುತ್ತದೆ, ಪಂಪ್ ನಿಧಾನವಾಗುತ್ತದೆ. 6 ಚದರ ಮಿಲಿಮೀಟರ್ ಹಾಕಿದರೆ ಈ ನಷ್ಟ 0.4ಕ್ಕೆ ಇಳಿಯುತ್ತದೆ. ಫ್ಯೂಸನ್ನು ವೈರಿನ ದಪ್ಪ ನೋಡಿ ಆರಿಸಿ, ಬ್ಯಾಟರಿಗೆ ಆದಷ್ಟು ಹತ್ತಿರ ಕೂರಿಸಿ.

ರಸ್ತೆಯ ಕುಲುಕಾಟವನ್ನೂ ಮರೆಯಬೇಡಿ. ಒಂಟಿ ಎಳೆಯ ಗಟ್ಟಿ ವೈರ್ 12 ವೋಲ್ಟ್ ಲೈನಿಗೆ ಬೇಡ, ಸಣ್ಣ ಎಳೆಗಳಿರುವುದು ಬೇಕು. ಸುಮ್ನೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಪ್ಯಾನೆಲ್ ಹಿಂದೆ ಖಂಡಿತ ಇರಬಾರದು. ವೈರ್ ತಗಡು ದಾಟುವ ಪ್ರತಿ ತೂತಿಗೂ ರಬ್ಬರ್ ಬುಷ್ ಹಾಕಿ.

ಮುಚ್ಚುವ ಮೊದಲು ಎಲ್ಲ ದೀಪ, ಫ್ಯಾನ್ ಒಟ್ಟಿಗೆ ಹಾಕಿ ಅರ್ಧ ಗಂಟೆ ಬಿಡಿ. ಜಾಯಿಂಟ್ ಬಿಸಿಯಾಗಿದೆಯಾ ನೋಡಿ. ಗೋಡೆಗೆ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಡಿ. ಮುಂದೆ ಪರದೆಗೋ ಕಪಾಟಿಗೋ ಸ್ಕ್ರೂ ಹೊಡೆಯುವಾಗ ವೈರ್ ಎಲ್ಲಿದೆ ಅಂತ ಗೊತ್ತಿರುತ್ತದೆ. ಜೊತೆಗೆ, ಮುಂದೆ ಇನ್ನೊಂದು ವೈರ್ ಕಟ್ಟಿ ಎಳೆಯಲು, ಒಂದು ಗಟ್ಟಿ ನೈಲಾನ್ ದಾರವನ್ನೂ ಅದೇ ದಾರಿಯಲ್ಲಿ ಬಿಟ್ಟಿರಿ. ಮನೆಯವರು ಇನ್ನೊಂದು ಪಾಯಿಂಟ್ ಕೇಳದೆ ಇರುವುದಿಲ್ಲ.

ನಮಸ್ಕಾರ.