ಕುರಿಹಟ್ಟಿಯಿಂದ ಪೀಠದವರೆಗೆ

ಮಕ್ಕಳನ್ನು ಪ್ರಥಮ ಪರಮಪ್ರಸಾದಕ್ಕೆ, ಅಂದರೆ ಬಲಿಪೂಜೆಯಲ್ಲಿ ಯೇಸುಸ್ವಾಮಿಯನ್ನು ರೊಟ್ಟಿಯ ರೂಪದಲ್ಲಿ ಮೊದಲ ಸಲ ಸ್ವೀಕರಿಸುವುದಕ್ಕೆ, ಸಿದ್ಧಮಾಡುತ್ತಿರುವ ತಂದೆತಾಯಿಯರಿಗೂ, ಧರ್ಮೋಪದೇಶ ಕಲಿಸುವ ಎಲ್ಲರಿಗೂ ನಮಸ್ಕಾರ.

ಈಗ ನಿಮ್ಮೆಲ್ಲರ ಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ ಇರಬೇಕು: "ಪ್ರಾರ್ಥನೆ ಬಾಯಿಪಾಠ ಆಯ್ತಾ?" ಬಾಯಿಪಾಠ ಖಂಡಿತ ಬೇಕು. ಆದರೆ ಯೇಸುಸ್ವಾಮಿಯ ಬಗ್ಗೆ ಉತ್ತರ ಹೇಳೋದು ಬೇರೆ, ಅವರ ಪರಿಚಯ ಆಗೋದು ಬೇರೆ ಅಲ್ವಾ?

ಒಂದು ಕಾಲದಲ್ಲಿ ಹಲವು ಕಡೆ 10, 12 ವರ್ಷ ದಾಟುವವರೆಗೂ ಮಕ್ಕಳಿಗೆ ಪರಮಪ್ರಸಾದ ಸಿಗುತ್ತಿರಲಿಲ್ಲ. 1910ರಲ್ಲಿ ಪೋಪ್ ಹತ್ತನೇ ಪಿಯುಸ್ ಇದನ್ನು ಬದಲಿಸಿದರು. ಸುಮಾರು ಏಳು ವರ್ಷಕ್ಕೇ ಕೊಡಬಹುದು ಎಂದರು. ಪೂರ್ಣ ಜ್ಞಾನ ಬೇಕಿಲ್ಲ. ನಂಬಿಕೆಯ ಮುಖ್ಯ ವಿಷಯಗಳು ಮಗುವಿನ ಬುದ್ಧಿಗೆ ನಿಲುಕುವಷ್ಟು ತಿಳಿದಿರಲಿ, ಸಾಮಾನ್ಯ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ವ್ಯತ್ಯಾಸ ಗೊತ್ತಿರಲಿ. ಮಗುವಿನ ಮೇಲೆ ಅವರು ಇಟ್ಟ ಭರವಸೆ ನನಗೆ ಬಹಳ ಇಷ್ಟ.

ಅದೇ ಭರವಸೆಯಿಂದ 1954ರಲ್ಲಿ ರೋಮ್‌ನಲ್ಲಿ ಇಬ್ಬರು ಮಹಿಳೆಯರು ಒಂದು ಕೆಲಸ ಶುರುಮಾಡಿದರು. ಸೋಫಿಯಾ ಕವಲ್ಲೆತ್ತಿ ಬೈಬಲ್ ವಿದ್ವಾಂಸೆ. ಜಿಯಾನ್ನಾ ಗೊಬ್ಬಿ, ಮಕ್ಕಳು ಮುಟ್ಟಿ, ಮಾಡಿ ತಾವಾಗಿಯೇ ಕಲಿಯುವ ಮಾಂಟೆಸ್ಸರಿ ಪದ್ಧತಿಯ ಶಿಕ್ಷಕಿ. ಮೂರು ವರ್ಷದ ಮಕ್ಕಳೂ ಬಂದು ಕೂರುವಂಥ ಪ್ರಾರ್ಥನೆಯ ಕೋಣೆ ಅವರದು. ಅಲ್ಲಿ ಮರದ ಪುಟ್ಟ ಕುರಿಹಟ್ಟಿ, ಕುರಿಗಳು, ಕುರಿಗಾಹಿ. ಬೈಬಲಿನಲ್ಲಿರುವ ಯೊವಾನ್ನರ ಶುಭಸಂದೇಶದ ಹತ್ತನೇ ಅಧ್ಯಾಯ ಓದುತ್ತಾರೆ: ಕುರಿಗಾಹಿ ಪ್ರತಿ ಕುರಿಯನ್ನೂ ಹೆಸರು ಹಿಡಿದು ಕರೆಯುತ್ತಾನೆ, ಅವುಗಳಿಗಾಗಿ ಪ್ರಾಣ ಕೊಡುತ್ತಾನೆ. ಕುರಿಗಳೆಂದರೆ ನಾವೇ ಅಂತ ಟೀಚರ್ ಹೇಳಿಬಿಡುವುದಿಲ್ಲ. "ಈ ಕುರಿಗಳು ಯಾರಿರಬಹುದು?" ಎಂದು ಕೇಳಿ ಸುಮ್ಮನಾಗುತ್ತಾರೆ. ಮಗು ಆ ಕುರಿಗಳನ್ನು ಎಷ್ಟು ಸಲ ಬೇಕಾದರೂ ಮುಟ್ಟಿ, ಜರುಗಿಸಿ, ತಾನಾಗಿಯೇ ಕಂಡುಕೊಳ್ಳಬೇಕು. ಕಾಯುವ ತಾಳ್ಮೆ ನಮಗಿರಬೇಕು.

ಇನ್ನು ಕೆಲವು ತಿಂಗಳಾದ ಮೇಲೆ ಹಟ್ಟಿಯ ಪಕ್ಕದಲ್ಲಿ ಒಂದು ಪುಟ್ಟ ಬಲಿಪೀಠ ಬರುತ್ತದೆ. ಕುರಿಗಾಹಿಯನ್ನು ಪೀಠದ ಮೇಲೆ ನಿಲ್ಲಿಸಿ, ಕುರಿಗಳನ್ನು ಸುತ್ತ ಸೇರಿಸುತ್ತಾರೆ. ಪೀಠದ ಮೇಲೆ ರೊಟ್ಟಿ, ದ್ರಾಕ್ಷಾರಸ ಇಡುತ್ತಾರೆ. ಆಮೇಲೆ ಕುರಿಗಾಹಿಯ ಗೊಂಬೆಯನ್ನು ತೆಗೆದುಬಿಡುತ್ತಾರೆ. ಕುರಿಗಾಹಿಯಾದ ಯೇಸುಸ್ವಾಮಿ ಈಗ ಆ ರೊಟ್ಟಿ, ದ್ರಾಕ್ಷಾರಸದಲ್ಲೇ ಇದ್ದಾರೆ. ಕೊನೆಗೆ ಒಂದೊಂದು ಕುರಿಯ ಜಾಗದಲ್ಲಿ ಒಬ್ಬೊಬ್ಬ ಮನುಷ್ಯ: ಅಜ್ಜಿ, ಅಪ್ಪ, ಮಗು, ಗುರುಗಳು. ಶುಭಸಂದೇಶವೂ ಬಲಿಪೂಜೆಯೂ ಮಗುವಿನ ಕಣ್ಣೆದುರೇ ಒಂದಾಗುತ್ತವೆ. ಇಷ್ಟು ಸರಳವಾಗಿ, ಇಷ್ಟು ಆಳವಾಗಿ ಪರಮಪ್ರಸಾದವನ್ನು ತೋರಿಸುವ ಇನ್ನೊಂದು ದಾರಿ ನನಗೆ ಕಂಡಿಲ್ಲ.

ಇದಕ್ಕೆಲ್ಲ ದುಡ್ಡು ಜಾಸ್ತಿ ಬೇಕಿಲ್ಲ. ರಟ್ಟಿನ ಕುರಿಗಳೂ ಆಗುತ್ತವೆ. ಪೂಜೆಯಲ್ಲಿ ಮಗುವನ್ನು ಕಂಬದ ಹಿಂದೆ ಕೂರಿಸಬೇಡಿ, ಪೀಠ ಕಾಣುವ ಕಡೆ ಕೂರಿಸಿ. ಗುರುಗಳು ದ್ರಾಕ್ಷಾರಸಕ್ಕೆ ಸ್ವಲ್ಪ ನೀರು ಬೆರೆಸುವಾಗ ಮೆಲ್ಲಗೆ ತೋರಿಸಿ. "ಆ ನೀರನ್ನು ಮತ್ತೆ ಬೇರೆ ಮಾಡೋಕಾಗುತ್ತಾ?" ಎಂದು ಮನೆಗೆ ಬಂದ ಮೇಲೆ ಕೇಳಿ. ನಾವು ಕ್ರಿಸ್ತರೊಂದಿಗೆ ಎಷ್ಟು ಬೆರೆತಿದ್ದೇವೆ ಅನ್ನೋದು ಅಲ್ಲಿಂದ ತೆರೆದುಕೊಳ್ಳುತ್ತದೆ.

ಜ್ಞಾನಸ್ನಾನದ ಮೊಂಬತ್ತಿ, ಬಿಳಿ ಬಟ್ಟೆ ನಿಮ್ಮ ಬೀರುವಿನಲ್ಲಿ ಇದೆಯಾ? ಹೊರಗೆ ತೆಗೆಯಿರಿ. ಆ ಮೊಂಬತ್ತಿಯನ್ನು ಹಚ್ಚಿದ್ದು ಪಾಸ್ಕ ಮೊಂಬತ್ತಿಯಿಂದ, ಅಂದರೆ ಪುನರುತ್ಥಾನದ ಬೆಳಕಿನಿಂದ. ಜ್ಞಾನಸ್ನಾನದ ತಾರೀಕು ಹುಡುಕಿ ತಿಳಿದುಕೊಳ್ಳಿ ಅಂತ ಪೋಪ್ ಫ್ರಾನ್ಸಿಸ್ 2014ರಲ್ಲಿ ಎಲ್ಲರನ್ನೂ ಕೇಳಿಕೊಂಡಿದ್ದರು. ಹುಟ್ಟುಹಬ್ಬ ಮಾಡುವ ನಾವು ಆ ದಿನವೂ ಮೊಂಬತ್ತಿ ಹಚ್ಚಿ ಒಂದು ಪ್ರಾರ್ಥನೆ ಮಾಡಬಹುದಲ್ಲವೇ?

ಓದೋದು ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ: ಭಾನುವಾರದ ಶುಭಸಂದೇಶವನ್ನು ಶನಿವಾರ ರಾತ್ರಿ ಊಟದ ನಂತರ ಓದಿ. ಎಲ್ಲರೂ ಜೊತೆಗಿರಲಿ, ಟಿವಿ ಆರಿಸಿರಲಿ. ಪಾಸ್ಕ (ಈಸ್ಟರ್) ಕಾಲದ ನಾಲ್ಕನೇ ಭಾನುವಾರ ಪ್ರತಿವರ್ಷ ಯೊವಾನ್ನರ ಇದೇ ಹತ್ತನೇ ಅಧ್ಯಾಯದ ಒಂದೊಂದು ಭಾಗ ಬರುತ್ತದೆ. ಆ ಶನಿವಾರ ಓದುವ ಕೆಲಸವನ್ನು ಮಗುವಿಗೇ ಕೊಡಿ.