ಒಳಗೆ ಕಾಲಿಟ್ಟು ನೋಡಬೇಕಾದ ಹಡಗುಗಳು

ವಿಜಯಪುರದ ಕೇಳುಗರಿಗೆಲ್ಲ ನಮಸ್ಕಾರ. ನಮ್ಮೂರಿಗೂ ಸಮುದ್ರಕ್ಕೂ ಬಹಳ ದೂರ. ಆದರೂ ಇಲ್ಲಿಂದ ಹೋಗಿ 15 ವರ್ಷ ನೌಕಾಪಡೆಯ ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದು ಬಂದವನು ನಾನು. ಇಂದು ನಾನು ಹೇಳಬೇಕಾದದ್ದು ಒಂದೇ ಮಾತು: ಯುದ್ಧನೌಕೆಗೆ ವಯಸ್ಸಾಯಿತೆಂದು ಅದನ್ನು ಒಡೆಯಬಾರದು, ಉಳಿಸಿಕೊಳ್ಳಬೇಕು.

ವಿಶಾಖಪಟ್ಟಣದ ಕಡಲತೀರದಲ್ಲಿ ಐಎನ್‌ಎಸ್ ಕುರ್ಸುರಾ ಎಂಬ ಜಲಾಂತರ್ಗಾಮಿಯನ್ನು ಹಾಗೆ ಉಳಿಸಿಕೊಂಡಿದ್ದಾರೆ. 91 ಮೀಟರ್ ಉದ್ದ. 1969ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದದ್ದು, 1971ರ ಯುದ್ಧ ಕಂಡದ್ದು. 2001ರಲ್ಲಿ ನಿವೃತ್ತಿಯಾದ ಮೇಲೆ ದಡಕ್ಕೆ ಎಳೆದು ತಂದು, ಮರುವರ್ಷ ಜನರಿಗೆ ತೆರೆದರು.

ನನ್ನ ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟಲು ದುಂಡನೆಯ ಕಿಂಡಿಯಂಥ ಬಾಗಿಲು. ಅವ್ವ ಇಳಕಲ್ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೊದಲು ಒಂದು ಕಾಲು, ಆಮೇಲೆ ತಲೆ ತಗ್ಗಿಸಿ ಮೈ, ಕೊನೆಗೆ ಇನ್ನೊಂದು ಕಾಲು. ಟಾರ್ಪಿಡೊ ಕೊಳವೆಗಳು, ಮೀಟರುಗಳು, ಚಕ್ರಗಳು ಯಾವುವೂ ಅವಳ ಕಣ್ಣಿಗೆ ಬೀಳಲಿಲ್ಲ. ಒಂದರ ಮೇಲೊಂದು ಕಟ್ಟಿದ ಇಕ್ಕಟ್ಟಾದ ಮಲಗುವ ಹಲಗೆಗಳನ್ನು ಕೈಯಿಂದ ಸವರಿ, "ಇಷ್ಟು ಮಂದಿಯ ಸ್ನಾನಕ್ಕೆ ನೀರು ಎಲ್ಲಿಯದು?" ಎಂದು ಕೇಳಿದಳು. ಜಾಗ ತೋರಿಸುತ್ತಿದ್ದವರು ನಿವೃತ್ತ ನಾವಿಕರು. ಅವರು ಹಿಂದಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ: ಸ್ನಾನ ಅಪರೂಪ, ಕುಡಿಯುವ ನೀರಿಗೂ ಅಳತೆ. ಅವ್ವ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. "ಸುತ್ತಲೂ ನೀರು, ಒಳಗೆ ಬರಗಾಲ. ಎಪ್ಪತ್ತೆರಡರ ಬರದಲ್ಲಿ ನಾವೂ ತಂಬಿಗೆ ಎಣಿಸಿಯೇ ಬದುಕಿದೆವು" ಎಂದಳು. ರಜೆಗೆ ಬಂದಾಗಲೆಲ್ಲ ನಾನು ಹಡಗಿನ ಬದುಕನ್ನು ವರ್ಣಿಸುತ್ತಿದ್ದೆ. ಅವಳು ಹೂಂಗುಟ್ಟುತ್ತಿದ್ದಳು, ಅಷ್ಟೇ. ಮಗ ಎಂಥಲ್ಲಿ ಇದ್ದ ಎಂಬುದು ಅಂದು ಅರ್ಧ ಗಂಟೆಯಲ್ಲಿ ಅವಳಿಗೆ ತಿಳಿಯಿತು. ಹಡಗು ಉಳಿದಿತ್ತು, ಅದಕ್ಕೇ ತಿಳಿಯಿತು.

ಈಗ ಹಳೆಯ ವಿಕ್ರಾಂತ್ ವಿಷಯ. 1971ರಲ್ಲಿ ಈ ವಿಮಾನವಾಹಕ ನೌಕೆಯನ್ನು ಮುಳುಗಿಸಲೆಂದೇ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ವಿಶಾಖಪಟ್ಟಣದವರೆಗೆ ಬಂದಿತು. ವಿಕ್ರಾಂತ್ ಆಗಲೇ ಅಂಡಮಾನಿನತ್ತ ಹೋಗಿತ್ತು. ಘಾಜಿಯೇ ಬಂದರಿನ ಬಾಯಲ್ಲಿ ಮುಳುಗಿತು. ಘಾಜಿಗೆ ಸಿಗದ ವಿಕ್ರಾಂತ್ ಕೊನೆಗೆ ಹರಾಜಿಗೆ ಸಿಕ್ಕಿತು. 2014ರಲ್ಲಿ ಮುಂಬಯಿಯಲ್ಲಿ ಅದನ್ನು ಒಡೆದರು. ಉಳಿಸಲು ದುಡ್ಡಿಲ್ಲವೆಂಬ ಮಾತನ್ನು ನಾನು ಒಪ್ಪುವುದಿಲ್ಲ.

ನಮ್ಮ ಮಲಿಕ್-ಎ-ಮೈದಾನ್ ತೋಪನ್ನೇ ನೋಡಿ. ಸುಮಾರು 55 ಟನ್ ತೂಕದ ಆ ತೋಪನ್ನು 1854ರಲ್ಲಿ 150 ರೂಪಾಯಿಗೆ ಹರಾಜು ಹಾಕಿದ್ದರು. ಆ ಹರಾಜು ರದ್ದಾಯಿತು. ಹಾಗಾಗಿ ಇಂದಿಗೂ ನಮ್ಮ ಮಕ್ಕಳು ಬುರುಜು ಹತ್ತಿ, ಸಿಂಹದ ಬಾಯಿಯಂತಿರುವ ಅದರ ಮೂತಿಯನ್ನು ಮುಟ್ಟಿ ನೋಡುತ್ತಾರೆ. ವಿಕ್ರಾಂತ್ ಹರಾಜೂ ಹಾಗೆಯೇ ರದ್ದಾಗಬೇಕಿತ್ತು.

ಸಮಯ ಮುಗಿಯುತ್ತಾ ಬಂತು. ಕಾರವಾರದ ಬಗ್ಗೆ ಎರಡೇ ಮಾತು. ಅಲ್ಲಿ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ನೌಕೆ ಇದೆ. ವಿಶಾಖಪಟ್ಟಣ ದೂರವೆನ್ನುವವರು ಅದನ್ನಾದರೂ ನೋಡಿ. ಶಾಲಾ ಪ್ರವಾಸ ಯೋಜಿಸುವ ಗುರುಗಳೇ, ಮಕ್ಕಳನ್ನು ಹಡಗಿನ ಮುಂದೆ ನಿಲ್ಲಿಸಿ ಫೋಟೊ ತೆಗೆದು ಬಸ್ ಹತ್ತಿಸಬೇಡಿ, ಒಳಗೆ ಕರೆದೊಯ್ಯಿರಿ. ಕುರ್ಸುರಾಕ್ಕೆ ಸೋಮವಾರ ರಜೆ, ದಿನ ನೋಡಿಕೊಂಡು ಹೊರಡಿ. ನಮಸ್ಕಾರ.