ಗೋಲ್ಡಾ ಮೇಯರ್‌ಗೆ ಗೊತ್ತಿತ್ತಾ, ಇಲ್ವಾ?

ನಮಸ್ಕಾರ. 1973ರ ಅಕ್ಟೋಬರ್ 6, ಶನಿವಾರ. ಯಹೂದಿಗಳು ಉಪವಾಸ ಮಾಡುವ ಯೋಮ್ ಕಿಪ್ಪುರ್ ದಿನ. ಮಧ್ಯಾಹ್ನ 2ರ ಹೊತ್ತಿಗೆ ಈಜಿಪ್ಟ್ ಸೂಯೆಜ್ ಕಾಲುವೆ ದಾಟಿ ಇಸ್ರೇಲ್ ಕೈಲಿದ್ದ ಸಿನಾಯ್ ಮರುಭೂಮಿಗೆ ಬಂತು, ಅತ್ತ ಸಿರಿಯಾ ಇಸ್ರೇಲ್ ಹಿಡಿದಿದ್ದ ಗೋಲಾನ್ ಬೆಟ್ಟಗಳ ಮೇಲೆ ನುಗ್ಗಿತು. ಇಸ್ರೇಲ್ ನಾಯಕರಿಗೆ ಎಲ್ಲ ಗೊತ್ತಿತ್ತು, ಬೇಕಂತಲೇ ಸುಮ್ನಿದ್ದರು ಅನ್ನುವವರು ಇವತ್ತಿಗೂ ಇದ್ದಾರೆ. ಇಲ್ಲಪ್ಪಾ, ಸುಳಿವೇ ಇರಲಿಲ್ಲ ಅನ್ನುವವರೂ ಇದ್ದಾರೆ. ನಾನು ಎರಡನ್ನೂ ಒಪ್ಪಲ್ಲ.

ಸುಳಿವು ಇರಲಿಲ್ವಾ? ಸೆಪ್ಟೆಂಬರ್ 25ಕ್ಕೆ ಜೋರ್ಡಾನ್ ದೊರೆ ಹುಸೇನ್ ಗುಟ್ಟಾಗಿ ಟೆಲ್ ಅವೀವ್ ಹತ್ತಿರ ಬಂದು, ಪ್ರಧಾನಿ ಗೋಲ್ಡಾ ಎದುರೇ ಕೂತು, ಸಿರಿಯಾ ಸೈನ್ಯ ದಾಳಿಗೆ ಸಜ್ಜಾಗಿ ನಿಂತಿದೆ ಅಂತ ಹೇಳಿ ಹೋದರು. ಈಜಿಪ್ಟ್ ಬಿಟ್ಟು ಸಿರಿಯಾ ಒಂದೇ ಬರುತ್ತಾ ಅಂತ ಗೋಲ್ಡಾ ಕೇಳಿದರೆ, ಹಾಗನ್ನಿಸಲ್ಲ, ಇಬ್ಬರೂ ಸೇರ್ತಾರೆ ಅಂದರು. ಹೆಸರಿಗೆ ಶತ್ರುದೇಶದ ರಾಜ, ಅವರೇ ಬಂದು ಹೇಳಿದ್ದು! ಆಮೇಲೆ ಅಕ್ಟೋಬರ್ ಮೊದಲ ವಾರ ಸೋವಿಯತ್ ಸಲಹೆಗಾರರ ಹೆಂಡತಿ ಮಕ್ಕಳನ್ನು ಎರಡೂ ದೇಶದಿಂದ ಆತುರಾತುರವಾಗಿ ವಿಮಾನ ಹತ್ತಿಸಿದರು.

ಆದರೂ ಸೇನಾ ಗುಪ್ತಚರ ಮುಖ್ಯಸ್ಥ ಎಲಿ ಜೈರಾ, ಯುದ್ಧ ಆಗೋ ಸಾಧ್ಯತೆ ಕಮ್ಮಿ ಅಂತಲೇ ಇದ್ದರು. ದೂರ ಹೋಗಿ ಬಾಂಬ್ ಹಾಕುವ ವಿಮಾನ, ಸ್ಕಡ್ ಕ್ಷಿಪಣಿ ಕೈಗೆ ಬರದೆ ಈಜಿಪ್ಟ್ ಯುದ್ಧಕ್ಕೆ ಇಳಿಯಲ್ಲ, ಈಜಿಪ್ಟ್ ಇಳಿಯದೆ ಸಿರಿಯಾ ಇಳಿಯಲ್ಲ ಅನ್ನುವ ನಂಬಿಕೆ ತಲೆಯಲ್ಲಿ ಬೇರು ಬಿಟ್ಟಿತ್ತು. ಆದರೆ ಪೂರ್ತಿ ಸಿನಾಯ್ ಬೇಡ, ಕಾಲುವೆ ದಾಟಿ ಒಂದಿಷ್ಟು ಜಾಗ ಹಿಡಿದರೆ ಸಾಕು ಅಂತ ಈಜಿಪ್ಟ್ ಅಧ್ಯಕ್ಷ ಸಾದತ್ ಯಾವಾಗಲೋ ತೀರ್ಮಾನ ಮಾಡಿ ಆಗಿತ್ತು.

ಶನಿವಾರ ಬೆಳಗಿನ ಜಾವ ಲಂಡನ್ನಿನಿಂದ ಸುದ್ದಿ ಬಂತು, ಯುದ್ಧ ಇವತ್ತೇ. ಹೇಳಿದ್ದು ಇಸ್ರೇಲಿಗೆ ಗುಟ್ಟಾಗಿ ಸುದ್ದಿ ಕೊಡುತ್ತಿದ್ದ ಅಶ್ರಫ್ ಮರ್ವಾನ್, ಈಜಿಪ್ಟಿನ ಹಿಂದಿನ ಅಧ್ಯಕ್ಷ ನಾಸರ್ ಅವರ ಸ್ವಂತ ಅಳಿಯ! ಬೆಳಗ್ಗೆ 8ಕ್ಕೆ ಸಭೆ. ಮೀಸಲು ಸೈನಿಕರನ್ನೆಲ್ಲ ಕರೆಸೋಣ, ಸಿರಿಯಾಗೆ ನಾವೇ ಮೊದಲು ಹೊಡೆಯೋಣ ಅಂತ ಸೇನಾ ಮುಖ್ಯಸ್ಥ ಡೇವಿಡ್ ಎಲಾಜಾರ್. ಅಷ್ಟು ಜನ ಯಾಕೆ ಅಂತ ರಕ್ಷಣಾ ಸಚಿವ ಮೋಶೆ ದಯಾನ್ ಚೌಕಾಸಿ. ಗೋಲ್ಡಾ ಲಕ್ಷದಷ್ಟು ಜನರನ್ನು ಕರೆಸಲು ಒಪ್ಪಿದರು, ಮೊದಲ ಏಟು ಮಾತ್ರ ಬೇಡ ಅಂದರು. ನಾವೇ ಶುರು ಮಾಡಿದರೆ ಅಮೆರಿಕ ಕೈಬಿಡುತ್ತೆ ಅನ್ನುವ ಭಯ.

ಬೇಕಂತಲೇ ಬಿಟ್ಟರು ಅನ್ನುವವರು ಹಿಡಿದುಕೊಳ್ಳುವುದು ಇದನ್ನೇ. ಆದರೆ ಇದು ದಾಳಿಗೆ ಬರೀ ಆರು ಗಂಟೆ ಮುಂಚಿನ ಮಾತು ಸ್ವಾಮಿ. ಮೊದಲೇ ಸಂಚು ಹಾಕಿದವರು ಕಾಲುವೆ ದಂಡೆಯ ಕೋಟೆಗಳಲ್ಲಿ ಐನೂರು ಜನರೂ ಇಲ್ಲದ ಹಾಗೆ ಬಿಡ್ತಾರಾ? ಆ ಯುದ್ಧದಲ್ಲಿ ಇಸ್ರೇಲಿನ 2,500ಕ್ಕೂ ಜಾಸ್ತಿ ಸೈನಿಕರು ಸತ್ತರು.

ನನಗೆ ಸಿಟ್ಟು ಬರುವುದು ಈ ಎಡವಟ್ಟಿನ ತನಿಖೆ ಮಾಡಿದ ಅಗ್ರಾನಾಟ್ ಆಯೋಗದ ಮೇಲೆ. 1974ರ ಏಪ್ರಿಲ್‌ನಲ್ಲಿ ಬಂದ ಅದರ ಮೊದಲ ವರದಿ ಎಲಾಜಾರ್, ಜೈರಾ ಇಬ್ಬರನ್ನೂ ಹೊಣೆ ಮಾಡಿತು, ಗೋಲ್ಡಾ ಮತ್ತು ದಯಾನ್ ಅವರನ್ನು ಬಿಟ್ಟುಬಿಟ್ಟಿತು. ಹುಸೇನ್ ಹೇಳಿದ ಮಾತು ನೇರ ಬಿದ್ದಿದ್ದು ಯಾರ ಕಿವಿಗೆ, ಹೇಳಿ? ಜನ ಬೀದಿಗಿಳಿದರು, ಗೋಲ್ಡಾ ಅದೇ ತಿಂಗಳು ರಾಜೀನಾಮೆ ಕೊಟ್ಟರು. ಎಲ್ಲರನ್ನೂ ಕರೆಸಿ ಅಂದಿದ್ದ ಎಲಾಜಾರ್ 1976ರಲ್ಲಿ ತೀರಿಕೊಂಡರು. ಅಷ್ಟು ಜನ ಯಾಕೆ ಅಂದಿದ್ದ ದಯಾನ್ 1977ರಲ್ಲಿ ವಿದೇಶಾಂಗ ಸಚಿವರಾದರು.